ಟ್ಯೂಬಿಗೆ ಅಂಟಿದ್ದು

ಐರೋಲಿಯ ನಮ್ಮ ಲ್ಯಾಬಿನಲ್ಲಿ ಒಂದು ಟ್ಯೂಬು ಆರಿಸುವುದೆಂದರೆ ದೊಡ್ಡ ರಾಮಾಯಣ. ಗಾಜಿನದೋ ಪ್ಲಾಸ್ಟಿಕ್ಕಿನದೋ, ಫ್ರೀಜರಿನಲ್ಲಿ ಬಿರಿಯುತ್ತದೋ ಇಲ್ಲವೋ, ಎಲ್ಲಕ್ಕಿಂತ ಮುಖ್ಯವಾಗಿ ಪ್ರೋಟೀನು ಅದರ ಗೋಡೆಗೆ ಅಂಟುತ್ತದೋ ಇಲ್ಲವೋ. ಕಿಡ್ನಿ ರೋಗಿಗಳ ಮೂತ್ರದಲ್ಲಿ ಒಂದು ಸಣ್ಣ ಪ್ರೋಟೀನನ್ನು ಹುಡುಕುವುದು ನಮ್ಮ ಕೆಲಸ. ಅದು ಸಿಕ್ಕರೆ ಬೇರೆಯವರ ಕಿಡ್ನಿ ಕೆಡುವ ಮೊದಲೇ ಎಚ್ಚರಿಸಬಹುದೆಂಬ ಆಸೆಯಿತ್ತು. ಈಗ ಆ ಮಾತನ್ನು ನಾನು ಯಾರಿಗೂ ಹೇಳುವುದಿಲ್ಲ.

ಆ ರೋಗಿಗಳಲ್ಲಿ ನನ್ನ ಅಪ್ಪನೂ ಒಬ್ಬರು. ವಿಜಯಪುರದಿಂದ ಬಂದು ಕಲ್ಯಾಣದಲ್ಲಿ ಬಟ್ಟೆ ಅಂಗಡಿ ನಡೆಸಿದವರು, ಈಗ ಡೊಂಬಿವಲಿಯ ಮನೆಯಲ್ಲಿ ಬಾತ ಕಾಲು ಚಾಚಿಕೊಂಡು ಕೂತಿರುತ್ತಾರೆ. ಡಯಾಲಿಸಿಸ್‌ಗೆ ಮೊದಲ ಸಲ ಹೋಗುವ ದಿನ ಬೆಳಿಗ್ಗೆ ಸ್ಯಾಂಪಲ್ ಡಬ್ಬಿಯನ್ನು ನನ್ನ ಕೈಗಿಟ್ಟರು.

"ನಂದಂತೂ ಮುಗೀತವ್ವ. ಇದರಿಂದ ಯಾರಿಗರೆ ಉಪಯೋಗ ಆದ್ರ ಛಲೋ."

ಡಯಾಲಿಸಿಸ್ ಶುರುವಾದ ಮೇಲೆ ತೆಗೆದದ್ದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಬರಬರುತ್ತ ಮೂತ್ರವೇ ನಿಂತುಹೋಗುತ್ತದೆಂದು ಡಾಕ್ಟರು ಹೇಳಿದ್ದರು. ಅಪ್ಪನ ಹತ್ತಿರ ಕೊಡಲು ಉಳಿದದ್ದು ಅದೊಂದೇ.

ಐಸ್ ತುಂಬಿದ ಥರ್ಮೋಕೋಲ್ ಡಬ್ಬದಲ್ಲಿ ಅದನ್ನಿಟ್ಟು, ಮಡಿಲಲ್ಲಿ ಹಿಡಿದುಕೊಂಡು ಲೋಕಲ್ ಹತ್ತಿದೆ. ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದು "ಮಚ್ಛೀ ಹೈ ಕ್ಯಾ?" ಅಂದಳು. ಹೌದು ಅಂದೆ. ಸಂಜೆ ಹೇಳಿದಾಗ, ಜನ್ಮದಲ್ಲಿ ಮೀನು ಮುಟ್ಟದ ಅಪ್ಪ ಕೆಮ್ಮು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕಿದ್ದು ಅದೇ ಕೊನೆ.

ಇಷ್ಟು ಕಡಿಮೆ ಪ್ರೋಟೀನಿಗೆ ಜೆಲ್ ಪರೀಕ್ಷೆ ಸಾಲದು, ಕಣಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ ಯಂತ್ರವೇ ಬೇಕೆಂದು ಹಟ ಹಿಡಿದು ಗೆದ್ದೆ. ಟ್ಯೂಬಿನ ವಿಷಯದಲ್ಲಿ ಸೋತೆ. ಪ್ರೋಟೀನು ಅಂಟದ ಟ್ಯೂಬು ಬೇಕೆಂದು ಕೇಳಿದ್ದೆ, ಬಂದದ್ದು ಸಾದಾ ಟ್ಯೂಬು. ಹೊಸದು ಬರಲಿ, ಕಾಯೋಣ ಎಂದರೆ ಯಂತ್ರದ ಸರದಿ ತಪ್ಪುತ್ತದೆಂದು ನಮ್ಮ ಸರ್ ಒಪ್ಪಲಿಲ್ಲ. "ಅಗ, ಟ್ಯೂಬ್ ತೀ ಟ್ಯೂಬಚ್ ನಾ!" ಅಂದರು, ಯಾವುದಾದರೇನು, ಟ್ಯೂಬು ಟ್ಯೂಬೇ ಎಂಬಂತೆ. ಜಗಳವಾಡಿದೆ. ಜಗಳದಿಂದ ಟ್ಯೂಬು ಬದಲಾಗಲಿಲ್ಲ.

ಗರ್ದಿಯ ಲೋಕಲ್‌ನಲ್ಲಿ ಎಲ್ಲರೂ ನಡುವೆಯೇ ನಿಲ್ಲಬೇಕು, ಬೋಗಿ ಖಾಲಿಯಾದರೆ ಒಬ್ಬೊಬ್ಬರೂ ಗೋಡೆಗೆ ಒರಗುತ್ತಾರೆ. ಪ್ರೋಟೀನಿನದೂ ಅದೇ ಬುದ್ಧಿ. ಅಪ್ಪನ ಸ್ಯಾಂಪಲ್ಲಿನಿಂದ ಬೇಡದ ಪ್ರೋಟೀನುಗಳನ್ನೆಲ್ಲ ತೆಗೆದು, ಬೇಕಾದದ್ದನ್ನು ಮಾತ್ರ ಆ ಸಾದಾ ಟ್ಯೂಬಿನಲ್ಲಿ ಉಳಿಸಿದೆವು. ಯಂತ್ರಕ್ಕೆ ಕೊಟ್ಟರೆ ಪರದೆಯ ಮೇಲೆ ಗೆರೆ ಚಪ್ಪಟೆ, ಪ್ರೋಟೀನಿನ ಸುಳಿವೇ ಇಲ್ಲ. ಪರೀಕ್ಷೆಗೆಂದು ನಾವೇ ಅಳೆದು ಹಾಕಿದ್ದ ಶುದ್ಧ ಪ್ರೋಟೀನು ಕೂಡ ಅಂಥದೇ ಟ್ಯೂಬಿನಿಂದ ವಾಪಸು ಬಂದಿರಲಿಲ್ಲ. ಗೋಡೆಗೆ ಅಂಟಿದ್ದನ್ನು ತೊಳೆದು ನೋಡೋಣವೆಂದು ಓಡಿದರೆ ಅಪ್ಪನ ಟ್ಯೂಬು ಆಗಲೇ ಕಸದ ಚೀಲದೊಂದಿಗೆ ಹೋಗಿತ್ತು.

"ಪುಢಚ್ಯಾ ವೇಳೀ ಬಘೂ" ಅಂದರು ಸರ್. ಮುಂದಿನ ಸಲವಂತೆ! ಅವರ ಮೇಲೆ ಸಿಟ್ಟು ಮಾಡುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. ಐರೋಲಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಥಾಣೆಗೆ ಹೋಗುವ ಲೋಕಲ್ ಗಾಡಿಗಳನ್ನು ಒಂದರ ಹಿಂದೊಂದು ಬಿಟ್ಟೆ. ಮನೆಗೆ ಹೋಗಿ ಅಪ್ಪನ ಮುಖ ನೋಡುವುದು ಬೇಡವಾಗಿತ್ತು.

ಅಪ್ಪ ಬಾಗಿಲಲ್ಲೇ ಕೇಳಿದರು. "ಏನರೆ ಸಿಕ್ತೇನವ್ವ?"

"ಟ್ಯೂಬಿಗೆ ಅಂಟಿ ಹೋತಪ್ಪ. ಕೈಗೆ ಏನೂ ಬರಲಿಲ್ಲ."

ಅಪ್ಪ ನನ್ನ ಬ್ಯಾಗಿನ ಕಡೆ ಕೈ ಚಾಚಿದರು. "ಅಷ್ಟಕ್ಕ್ಯಾಕ ಮಾರಿ ಸಣ್ಣ ಮಾಡ್ತಿ? ಇನ್ನೊಂದು ಡಬ್ಬಿ ಕೊಡು, ಮತ್ತ ಕೊಡ್ತೀನಿ."

ಈಗ ಕೊಟ್ಟದ್ದು ಲೆಕ್ಕಕ್ಕಿಲ್ಲವೆಂದು ಹೇಳದೆ, ಬ್ಯಾಗಿನಿಂದ ಡಬ್ಬಿ ತೆಗೆದು ಕೊಟ್ಟೆ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದರು. ಒಳಗಿನಿಂದ ಬಹಳ ಹೊತ್ತು ಯಾವ ಸದ್ದೂ ಇಲ್ಲ. ಅಮ್ಮ ಬಾಗಿಲು ಬಡಿದಳು. ಆಮೇಲೆ ನಲ್ಲಿ ಬಿಟ್ಟ ಸದ್ದಾಯಿತು.

ಹೊರಗೆ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಖಾಲಿ. ತೊಳೆದು, ತಮ್ಮ ಟವೆಲಿನಿಂದ ಒರೆಸಿ, ಮುಚ್ಚಳ ಬಿಗಿಯಾಗಿ ಹಾಕಿದ್ದರು.

"ನಾಳೆ ನೋಡೂಣಂತ" ಅಂದರು.