ಬಾಡಿನ ಡಬ್ಬಿಯಲ್ಲಿ ಇದ್ದಿಲು

ಸ್ನೇಹಿತರೇ, ಇವತ್ತು ಮಧ್ಯಾಹ್ನ ನಮ್ಮ ಶಾಲೆಯ ಸ್ಟಾಫ್ ರೂಮಲ್ಲಿ ಬಾಡಿನ ತುಂಡು ಅಂತ ಆಸೆಯಿಂದ ಬಾಯಿಗಿಟ್ಟರೆ ಕಟಕ್ ಅಂತು. ಉಗಿದು ನೋಡಿದರೆ ಇದ್ದಿಲು.

ಡಬ್ಬಿ ವಿಜ್ಞಾನದ ಮೇಷ್ಟ್ರು ನಂಜೇಗೌಡ್ರದು. ಬೆಳಿಗ್ಗೆ ನುಗ್ಗೇಹಳ್ಳಿಯ ಅಕ್ಕನ ಮನೆಯಿಂದ ಬೈಕಲ್ಲಿ ತಂದಿದ್ದರು. ದೇವರಿಲ್ಲ ಅಂತ ಸರಸ್ವತಿ ಪೂಜೆಯ ಕೋಸಂಬರಿಯನ್ನೂ ಮುಟ್ಟದ ಮನುಷ್ಯ.

"ಏನ್ ಸಾ ಇದು?"

"ಬಾಡು ತರೋವಾಗ ದಾರೀಲಿ ದೆವ್ವ ಹಿಂದೆ ಬೀಳ್ಬಾರ್ದು ಅಂತ."

"ನಿಮ್ಮಕ್ಕ ಹಾಕಿದ್ರಾ?"

"ಅವ್ಳು ಮರ್ತಿದ್ಲು ಕಣಯ್ಯ. ನಾನೇ ಅರ್ಧ ದಾರಿಯಿಂದ ವಾಪಸ್ ಓಗಿ ಆಕುಸ್ಕಂಡ್ ಬಂದೆ. ಅದ್ಕೇ ಫಸ್ಟ್ ಪೀರಿಯಡ್ಡಿಗೆ ಲೇಟಾಗಿದ್ದು."

"ದೇವ್ರೇ ಇಲ್ಲ ಅಂತೀರಿ, ದೆವ್ವ ಎಲ್ಲಿಂದ ಬತ್ತದೆ ಸಾ?"

ಗೌಡ್ರು ಮೂಳೆ ಚೀಪುತ್ತಾ ನನ್ನನ್ನು ಕನಿಕರದಿಂದ ನೋಡಿದರು. "ನಿನಗೇನಯ್ಯ, ಕಾಯಕ್ಕೆ ದೇವ್ರವ್ನೆ. ನನಗ್ಯಾರವ್ರೆ? ನನ್ನ ಉಸಾರಲ್ಲಿ ನಾನಿರ್ಬೇಕು."

ನಾನು ಇದ್ದಿಲನ್ನು ಕಸದ ಬುಟ್ಟಿಗೆ ಎಸೆದು ಇನ್ನೊಂದು ತುಂಡಿಗೆ ಕೈ ಹಾಕಿದೆ.

ಸಂಜೆ ಉಳಿದ ಬಾಡನ್ನು ನನ್ನ ಡಬ್ಬಿಗೆ ಹಾಕಿಕೊಟ್ಟರು. ನನಗೆ ದೇವರ ಮೇಲೆ ಪೂರ್ತಿ ನಂಬಿಕೆ ಇದೆ. ಆದರೂ ನನ್ನ ಹಲ್ಲಿನ ಗುರುತಿದ್ದ ಆ ಇದ್ದಿಲನ್ನು ಕಸದ ಬುಟ್ಟಿಯಲ್ಲಿ ಹುಡುಕಿ, ತೊಳೆದು, ಡಬ್ಬಿಗೆ ಹಾಕ್ಕೊಂಡೇ ಹೊರಟೆ.