ತವರಿಗೆ ಬಾರದ ಮಕ್ಕಳು

ರಾಯದುರ್ಗದಲ್ಲಿ ವನಿತಾ ಕೆಲಸ ಮಾಡುವ ಜೀನ್ಸ್ ಶೆಡ್ಡಿನಲ್ಲಿ ಒಂದು ರೂಢಿಯಿದೆ. ಹೊಲಿಗೆ ತಪ್ಪಿದ ಪ್ಯಾಂಟು ಚೆಕ್ಕಿಂಗ್ ಮೇಜಿನಿಂದ ಹೊಲಿದವಳ ಮಷಿನ್ನಿಗೇ ವಾಪಸು ಹೋಗಬೇಕು. ಅದು ಹೋಗುವಾಗ ಸಾಲಿನ ಹೆಂಗಸರೆಲ್ಲ, “ಮಗಳು ತವರಿಗೆ ಬಂದಾಳ, ಬಾಗಿಲು ತಗೀರವ್ವ!” ಎಂದು ಕೂಗುತ್ತಾರೆ. ಹೊಲಿದವಳೂ ನಗುತ್ತಲೇ ಬಿಚ್ಚಿ ಮತ್ತೆ ಹೊಲಿಯಬೇಕು. ಒಬ್ಬಳ ಮನೆಗೇ ಮೇಲಿಂದ ಮೇಲೆ ಮಕ್ಕಳು ಬರತೊಡಗಿದರೆ ಮಾತ್ರ ಮ್ಯಾನೇಜರ್ ಶ್ರೀಧರ್ ನಗುವುದಿಲ್ಲ. ಹಾಗೆಯೇ ಅದೇ ಸಾಲಿನಲ್ಲಿದ್ದ ಅಂಬಮ್ಮನ ಕೆಲಸ ಹೋಗಿತ್ತು.

ವನಿತಾ ಅಮರಾಪುರದ ಕಡೆಯವಳು. ಮದುವೆಯಾಗುವವರೆಗೆ ಕುರಿ, ಶೇಂಗಾ ಹೊಲ ಬಿಟ್ಟು ಬೇರೆ ಕೆಲಸ ಕಂಡವಳಲ್ಲ. ಗಂಡ ಚಿರಂಜೀವಿಗೆ ಇಲ್ಲಿ ಇಸ್ತ್ರಿ ಕೆಲಸ ಸಿಕ್ಕಿದ್ದರಿಂದ ಅವಳೂ ಬಂದು ಶೆಡ್ಡು ಸೇರಿದಳು. ಮೊದಮೊದಲು ಪೆಡಲ್ ಒತ್ತಿದರೆ ಸಾಕು, ಬಟ್ಟೆ ಕೈಬಿಟ್ಟು ಓಡುತ್ತಿತ್ತು. ಪಕ್ಕದ ಮಷಿನ್ನಿನ ದುರುಗಕ್ಕ ಅವಳ ಹಿಂದೆ ನಿಂತು, ಕೈಮೇಲೆ ಕೈಯಿಟ್ಟು ಕಲಿಸಿದಳು.

“ಕುರಿ ಅಟ್ಟಿದಂಗ ಅಟ್ಟಬ್ಯಾಡವ್ವ. ಬಟ್ಟಿ ಅದು, ಅದರ ಜೊತಿ ಹೋಗು.”

“ಕುರಿನಾದ್ರೂ ಕರದ್ರೆ ನಿಲ್ತೈತೆ ಕಣಕ್ಕ. ಇದು ನಿಲ್ಲಾಕಿಲ್ಲ.”

ಕೆಲವು ವರ್ಷಗಳ ಮೇಲೆ ವನಿತಾಳನ್ನು ಚೆಕ್ಕಿಂಗ್ ಮೇಜಿಗೆ ಹಾಕಿದರು. ಅವತ್ತು ಸಾಲಿಗೆಲ್ಲ ಮಿರ್ಚಿ, ಮಂಡಕ್ಕಿ ತಂದು ಹಂಚಿದವಳು ದುರುಗಕ್ಕನೇ.

ಆಮೇಲೆ ಕರಿ ಬಟ್ಟೆ, ಕರಿ ನೂಲಿನ ಆರ್ಡರ್ ಬಂತು. ದುರುಗಕ್ಕ ಹೊಲಿದ ಜೇಬುಗಳ ಹೊಲಿಗೆ ಅಂಚು ಬಿಟ್ಟು ಹೊರಗೆ ಓಡಿತ್ತು. ನೂಲು ಪೋಣಿಸುವಾಗ ಅವಳು ಸೂಜಿಯ ಕಣ್ಣನ್ನು ಉಗುರಿನಿಂದ ತಡವಿ ಹುಡುಕುತ್ತಿದ್ದುದನ್ನು ವನಿತಾ ಮೊದಲೇ ಗಮನಿಸಿದ್ದಳು.

“ಅಕ್ಕ, ಕಣ್ಣು ಒಂದ್ಸಲ ತೋರಿಸ್ಕೊಂಬಾರ್ದಾ?”

“ನನ್ನ ಕಣ್ಣಿಗೇನಾಗೈತಿ? ಪ್ಯಾಂಟ್ ಚೆಕ್ ಮಾಡೋದು ಬಿಟ್ಟು ನನ್ನೇ ಚೆಕ್ ಮಾಡಾಕ ಹತ್ತೀಯಲ್ಲ!”

ಸಾಲಿನವರು ನಕ್ಕರು. ಗಂಡ ತೀರಿಕೊಂಡ ಮೇಲೆ ದುರುಗಕ್ಕನ ಮನೆ ನಡೆಯುತ್ತಿದ್ದುದು ಆ ಮಷಿನ್ನಿನಿಂದಲೇ. ಕೆಟ್ಟ ಜೇಬುಗಳನ್ನು ವಾಪಸು ಕಳಿಸಲು ವನಿತಾಳಿಗೆ ಮನಸ್ಸು ಬರಲಿಲ್ಲ. ಊಟಕ್ಕೆ ಎಲ್ಲರೂ ಹೊರಗೆ ಹೋದಾಗ ತಾನೇ ಬಿಚ್ಚಿ, ಹೊಲಿದಿಟ್ಟಳು. ಮರುದಿನವೂ ಹಾಗೆಯೇ ಮಾಡಿದಳು. ಬರಬರುತ್ತಾ ಅವಳು ಬುತ್ತಿ ಬಿಚ್ಚುವುದೇ ಕಡಿಮೆಯಾಯಿತು.

ದುರುಗಕ್ಕನಿಗೆ ಇದೊಂದೂ ತಿಳಿಯಲಿಲ್ಲ. “ಎಲ್ಲಾರ ಮಕ್ಕಳೂ ತವರಿಗೆ ಬರ್ತಾವ. ನನ್ನವು ಒಂದಾದರೂ ಬಂತೇನ್ರಿ? ನನಗ ಕಣ್ಣು ತೋರಿಸ್ಕೋ ಅಂತಾಳ ಈಕಿ!” ಎಂದು ಸಾಲಿಗೆಲ್ಲ ಹೇಳಿಕೊಂಡು ನಕ್ಕಳು.

ಒಂದು ಬೆಳಿಗ್ಗೆ ಶ್ರೀಧರ್ ಚೆಕ್ಕಿಂಗ್ ಮೇಜಿನ ಹತ್ತಿರ ಬಂದ. “ವನಿತಮ್ಮ, ದುರುಗಕ್ಕನ್ನ ಬಟನ್ ಮಷಿನ್ನಿಗೆ ಹಾಕ್ತೀನ್ರಿ. ಆಕಿದು ಒಂದು ಪೀಸೂ ರಿಟರ್ನ್ ಇಲ್ಲ. ಕೂಲಿನೂ ಏರ್ತೈತಿ. ಏನಂತೀರಿ?”

ಬಟನ್ ಮಷಿನ್ನಿನಲ್ಲಿ ಗುಂಡಿಯನ್ನು ಬಟ್ಟೆಯ ಮೇಲೆ ಹಿಡಿದು, ಪೆಡಲ್ ಒತ್ತುವ ಮುಂಚೆ ಬೆರಳು ತೆಗೆಯಬೇಕು. ಮೇಲಿನ ಕಬ್ಬಿಣ ಗುದ್ದಿದಂತೆ ಇಳಿಯುತ್ತದೆ. ನಿಜ ಹೇಳಿದರೆ ದುರುಗಕ್ಕನ ಕೆಲಸ ಹೋಗುತ್ತದೆ. ಮುಚ್ಚಿಟ್ಟವಳ ಕೆಲಸವೂ ಉಳಿಯುವುದಿಲ್ಲ.

“ಬ್ಯಾಡ ಸಾರ್. ಅಕ್ಕಂಗೆ ಜೇಬಿನ ಕೆಲ್ಸನೇ ಒಗ್ಗೈತೆ.”

“ಯಾಕ? ಹೊಟ್ಟಿಕಿಚ್ಚೇನ್ರಿ?” ಎಂದು ಶ್ರೀಧರ್ ನಕ್ಕ.

ಹಿಂದೆಯೇ ನಿಂತಿದ್ದ ದುರುಗಕ್ಕ ನಗಲಿಲ್ಲ. ತಾನು ಕಲಿಸಿದ ಹುಡುಗಿಯನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಆ ನೋಟವನ್ನು ವನಿತಾಳಿಗೆ ತಡೆಯಲಾಗಲಿಲ್ಲ.

“ಇಲ್ಲ ಸಾರ್. ಆಗ್ಲಿ, ಹಾಕಿ.”

ಆ ವಾರವೇ ಮಷಿನ್ನು ದುರುಗಕ್ಕನ ಬಲಗೈಯ ತೋರುಬೆರಳಿನ ತುದಿಯನ್ನು ಜಜ್ಜಿಹಾಕಿತು. ಡಾಕ್ಟರು ಮೇಲಿನ ಗೆಣ್ಣನ್ನು ತೆಗೆಯಬೇಕಾಯಿತು. ವನಿತಾ ಶ್ರೀಧರನಿಗೆ ಎಲ್ಲವನ್ನೂ ಹೇಳಿದಳು. ಅವನು ಸುತ್ತ ನೋಡಿ, “ಇದು ಯಾರ ಕಿವಿಗೂ ಬೀಳಬಾರದ್ರಿ, ನಡೀರಿ” ಎಂದಷ್ಟೇ ಹೇಳಿ ಹೋದ.

ಭಾನುವಾರ ಅವಳು ದುರುಗಕ್ಕನ ಮನೆಗೆ ಹೋದಳು. ದುರುಗಕ್ಕ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಊಟದ ಹೊತ್ತಿನ ಹೊಲಿಗೆಯ ವಿಷಯವನ್ನು ವನಿತಾ ಮೊದಲಿನಿಂದ ಹೇಳಿದಳು. ದುರುಗಕ್ಕ ಕೇಳುತ್ತಾ ಹೋದಳು. ಕೊನೆಗೆ ಮಾತಾಡಿದಾಗ ಅವಳ ದನಿ ಏರಲಿಲ್ಲ.

“ಅವು ನನ್ನ ಮಕ್ಕಳಾಗಿದ್ವಲ್ಲ ವನಿತಾ. ನನ್ನ ಮನಿಗೆ ಬಂದಿದ್ರ ನಾಕು ಮಂದಿ ನಗ್ತಿದ್ರು, ನನ್ನ ಕಣ್ಣು ಹೋಗಾಕ ಹತ್ಯಾವ ಅಂತ ನನಗ ತಿಳೀತಿತ್ತು. ಬಾಗಿಲದಾಗ ನೀ ಯಾಕ ಅಡ್ಡ ನಿಂತಿ?”



ದುರುಗಕ್ಕನ ಜೇಬಿನ ಮಷಿನ್ನಿಗೆ ಈಗ ನಾಗಕ್ಕ ಎಂಬ ಹೊಸಬಳು ಬಂದಿದ್ದಾಳೆ. ಅವಳ ಮೊದಲ ದಿನವೇ ಒಂದು ಜೇಬು ಓರೆಯಾಗಿತ್ತು. ವನಿತಾ ಆ ಪ್ಯಾಂಟನ್ನು ತಾನೇ ಎತ್ತಿಕೊಂಡು ಹೋಗಿ ಅವಳ ಮುಂದಿಟ್ಟಳು. ಸಾಲಿನವರು ಕೂಗಿದರು. ನಾಗಕ್ಕ ನಾಚಿ ತಲೆ ತಗ್ಗಿಸಿದಳು. ಅವಳು ಕೊನೆಯ ನೂಲನ್ನು ಬಿಚ್ಚುವವರೆಗೂ ವನಿತಾ ಅಲ್ಲೇ ನಿಂತಿದ್ದಳು.