ಇಳಿಜಾರಿನ ಬಂಕಿನಲ್ಲಿ ಫುಲ್ ಟ್ಯಾಂಕ್

ಜಾವಳಿಯ ದಾಸಯ್ಯ ತಮ್ಮ ಲಾರಿಯನ್ನು ತಾವೇ ಓಡಿಸುತ್ತಾರೆ. ಎಸ್ಟೇಟುಗಳ ಕಾಫಿ ಮೂಟೆಗಳನ್ನು ಚಿಕ್ಕಮಗಳೂರಿನಲ್ಲಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಮುಟ್ಟಿಸುವುದು ಅವರ ಕೆಲಸ. ಬಹಳ ವರ್ಷ ಅವರು ಬಾಡಿಗೆಯಲ್ಲಿ ಡೀಸೆಲ್ ಸೇರಿಸುತ್ತಿರಲಿಲ್ಲ. ಬೆಳಿಗ್ಗೆ ಬಂಕಿನಲ್ಲಿ ಸ್ವಂತ ದುಡ್ಡಿನಿಂದ ಟ್ಯಾಂಕ್ ಫುಲ್ ಮಾಡಿಸುವರು. ಲೋಡ್ ಇಳಿಸಿ ಬಂದು ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸುವರು. ಈ ಎರಡನೆಯ ಸಲ ಹಿಡಿದಷ್ಟು ಡೀಸೆಲ್ ಎಸ್ಟೇಟಿನವರ ಖರ್ಚು. ದರ ಏರಿದರೂ ಯಾರ ಜೊತೆಗೂ ಚೌಕಾಸಿ ಇಲ್ಲ ಎಂಬುದು ಅವರ ಸಮಾಧಾನ.

ವೆಂಕಟೇಶ ಗೌಡರ ಎಸ್ಟೇಟಿನ ಲೋಡೇ ಅವರ ವರ್ಷದ ಮುಖ್ಯ ದುಡಿಮೆ. ಈ ಸಲ ಕಾಫಿ ಕಣದಲ್ಲಿ ಗೌಡರು ಡೀಸೆಲ್ ಬಿಲ್ ಹಿಡಿದುಕೊಂಡೇ ನಿಂತಿದ್ದರು.

"ಪಕ್ಕದ ತೋಟದವ್ರ ಲಾರಿಗೂ ಇದೇ ರಸ್ತೆ, ಇಷ್ಟೇ ಮೂಟೆ. ನಿಮ್ದು ಮಾತ್ರ ಯಾಕೆ ಜಾಸ್ತಿ ಕುಡಿಯುತ್ತೆ, ದಾಸಯ್ಯ?"

"ಗಾಡಿ ಹಳೇದು ಗೌಡ್ರೇ."

"ಗಾಡಿ ಕುಡಿದ್ರೆ ಪರವಾಗಿಲ್ಲ. ಕ್ಯಾನು ಕುಡೀಬಾರ್ದು."

ಮೂಟೆ ಎಣಿಸುತ್ತಿದ್ದ, ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಸುಕನ್ಯಾ ನಕ್ಕುಬಿಟ್ಟರು. ಇವರೇ ಚಾಡಿ ಹೇಳಿರಬೇಕು ಎಂದು ದಾಸಯ್ಯನಿಗೆ ಅನ್ನಿಸಿತು. ಆಮೇಲೆ ಬಂಕಿನವರ ಮೇಲೂ ಅನುಮಾನ ಬಂತು.

ಆ ಬಂಕ್ ಇಳಿಜಾರಿನಲ್ಲಿದೆ. ಬೆಳಿಗ್ಗೆ ಕೆಳಗಿನ ಗೇಟಿನಿಂದ ಬರುವ ಲಾರಿಯ ಮೂತಿ ಮೇಲಕ್ಕಿರುತ್ತದೆ. ಸಂಜೆ ಮೇಲಿನ ಗೇಟಿನಿಂದ ಬಂದಾಗ ಕೆಳಕ್ಕಿರುತ್ತದೆ. ಮರುದಿನ ಬೆಳಿಗ್ಗೆ ಕೆಳಗಿನ ಗೇಟಿಗೆ ಯಾರೋ ಜಲ್ಲಿ ಸುರಿದಿದ್ದರು. ದಾಸಯ್ಯ ಸುತ್ತಿ ಬಂದು ಮೇಲಿನ ಗೇಟಿನಿಂದ ಇಳಿಸಿದರು. ದಿನವೂ ಬೆಳಿಗ್ಗೆ ಒಂದೆರಡು ಲೀಟರಿಗೆ ತುಂಬುತ್ತಿದ್ದ ಟ್ಯಾಂಕ್ ಅಂದು ಆರೇಳು ಲೀಟರ್ ಹಿಡಿಯಿತು.

ಪಂಪ್ ಮೋಸವೆಂದು ಅಳತೆಯ ಡಬ್ಬಿ ಕೇಳಿ ಪರೀಕ್ಷಿಸಿದರು. ಅಳತೆ ಸರಿಯಾಗಿತ್ತು. ಕೊನೆಗೆ ಬಗ್ಗಿ ಟ್ಯಾಂಕನ್ನೇ ನೋಡಿದರು. ಅದರ ಬಾಯಿ ಹಿಂದಿನ ತುದಿಯಲ್ಲಿದೆ. ಮೂತಿ ಮೇಲಿದ್ದಾಗ ಡೀಸೆಲ್ ಬಾಯಿಯವರೆಗೆ ಬಂದರೂ ಮುಂಭಾಗ ಖಾಲಿಯೇ ಉಳಿಯುತ್ತದೆ. ಮೂತಿ ಕೆಳಗಿದ್ದಾಗ ಮಾತ್ರ ಪೂರ್ತಿ ತುಂಬುತ್ತದೆ. ಇಷ್ಟು ವರ್ಷ ಆ ವ್ಯತ್ಯಾಸವನ್ನು ಎಸ್ಟೇಟಿನವರು ಕಟ್ಟಿದ್ದರು.

ಘಾಟಿ ಹತ್ತುವಾಗ ಇನ್ನೊಂದು ವಿಷಯ ಹೊಳೆದು ಅವರಿಗೆ ಭಯವಾಯಿತು. ಬೆಳಿಗ್ಗೆಯೇ ಟ್ಯಾಂಕ್ ಪೂರ್ತಿ ತುಂಬಿದ್ದರಿಂದ ಇವತ್ತು ಸಂಜೆ ಬಿಲ್ ಕಡಿಮೆ ಬರುತ್ತದೆ. ಗೌಡರು ಕೇಳಿದ ಮರುದಿನವೇ ಕಡಿಮೆಯಾದರೆ, ಕಳ್ಳ ಹೆದರಿ ನಿಲ್ಲಿಸಿದಂತೆ ಕಾಣುತ್ತದೆ. ಕಡಿಮೆಯಾದಷ್ಟನ್ನು ಕ್ಯಾನಿಗೆ ಹಾಕಿಸಿ ಬಿಲ್ಲನ್ನು ಎಂದಿನಷ್ಟೇ ಮಾಡಿಸುವ ಯೋಚನೆಯೂ ಬಂತು. ಹಾಗೆ ಮಾಡಿದರೆ ಗೌಡರ ಮಾತೇ ನಿಜವಾಗುತ್ತಿತ್ತು. ಸಂಜೆ ದಾಸಯ್ಯ ಗೌಡರಿಗೆ ಬಿಲ್ ಕೊಟ್ಟು ನಡೆದದ್ದನ್ನೆಲ್ಲ ಹೇಳಿದರು.

"ಕೇಳಿದ ಮಾರನೇ ದಿನಾನೇ ಇಳೀತಲ್ಲ," ಎಂದರು ಗೌಡರು.

"ನಾಳೆ ಬಂಕಿಗೆ ಬನ್ನಿ, ತೋರಿಸ್ತೀನಿ."

ಮರುದಿನ ಲೋಡ್ ಇಳಿಸಿ ಬಂದಾಗ ಗೌಡರು ಬಂಕಿನಲ್ಲಿ ಕಾಯುತ್ತಿದ್ದರು. ಜಲ್ಲಿಯನ್ನು ಅಷ್ಟರಲ್ಲಿ ತೆಗೆದಿದ್ದರು. ದಾಸಯ್ಯ ಲಾರಿಯ ಮೂತಿ ಮೇಲೆ ಮಾಡಿ ಫುಲ್ ಮಾಡಿಸಿದರು. ಲಾರಿ ತಿರುಗಿಸಿದ ಮೇಲೆ ಟ್ಯಾಂಕ್ ಮತ್ತೆ ಐದು ಲೀಟರಿನಷ್ಟು ಹಿಡಿಯಿತು.

"ಸರಿ, ಇಳಿಜಾರಿನದ್ದೇ ತಪ್ಪು," ಎಂದರು ಗೌಡರು. "ಆದ್ರೆ ಇಷ್ಟು ವರ್ಷ ನಿಮಗೆ ಗೊತ್ತೇ ಆಗ್ಲಿಲ್ಲ ಅಂತ ಹ್ಯಾಗೆ ನಂಬೋದು ಮಾರಾಯ್ರೇ?"

ಬೆಳಿಗ್ಗೆ ಕಡಿಮೆ ಹಿಡಿಯುವುದನ್ನು ದಿನವೂ ಕಂಡವರು ದಾಸಯ್ಯನೇ. ಬಂಕಿನಿಂದ ಮನೆಗೆ ಹೋಗಿ ಬರುವಾಗ ಗಾಡಿ ಖಾಲಿ, ಹೆಚ್ಚು ಸುಡುವುದಿಲ್ಲ ಎಂದುಕೊಂಡಿದ್ದರು.

"ಲೋಡ್ ನಿಮಗೇ ಇರ್ಲಿ," ಎಂದರು ಗೌಡರು. " ಡೀಸೆಲ್ ಸೇರಿಸಿ ಒಂದೇ ರೇಟ್ ಹೇಳಿ. ಇನ್ನು ನಿಮ್ಮ ಟ್ಯಾಂಕ್ ನಾನು ನೋಡಲ್ಲ."

ದಾಸಯ್ಯ ಡೀಸೆಲ್ ದರ ಏರುವುದನ್ನೂ ಅಂದಾಜು ಮಾಡಿ ಸ್ವಲ್ಪ ಹೆಚ್ಚೇ ಹೇಳಿದರು. ಗೌಡರು ಚೌಕಾಸಿ ಮಾಡದೆ ಒಪ್ಪಿದರು. ಅದೂ ದಾಸಯ್ಯನ ಅನುಮಾನಕ್ಕೆ ಕಾರಣವಾಯಿತು.

ಮುಂದಿನ ಲೋಡಿನಲ್ಲಿ ಲಾರಿಯ ಹಿಂಭಾಗ ಎಂದಿಗಿಂತ ಹೆಚ್ಚು ತಗ್ಗಿದಂತೆ ದಾಸಯ್ಯನಿಗೆ ಕಂಡಿತು.

"ಮೂಟೆ ತೂಕ ಎಷ್ಟಿದೆ ಮೇಡಂ?"

"ಯಾವಾಗ್ಲೂ ಇದ್ದಷ್ಟೇ ದಾಸಣ್ಣ," ಎಂದರು ಸುಕನ್ಯಾ. "ಇಷ್ಟು ವರ್ಷ ಕೇಳಿದವ್ರೇ ಅಲ್ಲ?"

"ಇಷ್ಟು ವರ್ಷ ಘಾಟಿ ಹತ್ತಿಸಿದ್ದು ಗೌಡ್ರ ಡೀಸೆಲ್. ಈಗ ನಂದು."

ಸುಕನ್ಯಾ ಈ ಸಲ ನಗಲಿಲ್ಲ. ತೂಕದ ಮಿಷನ್ ತರಲು ಆಳನ್ನು ಕಳಿಸಿದರು. ದಾಸಯ್ಯ ಲಾರಿ ಹತ್ತಿ ಮೊದಲ ಮೂಟೆಯನ್ನು ತಾವೇ ಕೆಳಗಿಳಿಸಿದರು.